ತುಟಿಯ ಮೇಲಿನ ಕಪ್ಪು ಪಟ್ಟಿ

ನನ್ನ ಕಣ್ಣು ಒಣಗಿದೆಯಂತೆ. ಗದಗಿನ ಕಣ್ಣಿನ ಡಾಕ್ಟರು ಹಾಗೆಂದಾಗ ನಗು ಬಂತು. ಹೆಂಡತಿ ತೀರಿಕೊಂಡ ಮೇಲೆ ಈ ಕಣ್ಣಿನ ಮೇಲೆ ಯಾರೂ ಅಂಥ ದೂರು ಹೇಳಿರಲಿಲ್ಲ. ಪರದೆ ನೋಡುವಾಗ ನಾನು ರೆಪ್ಪೆ ಬಡಿಯುವುದನ್ನೇ ಮರೆಯುತ್ತೇನಂತೆ. ಮರೆಯುವುದಲ್ಲ, ಬಡಿಯುವುದಿಲ್ಲ. ಬಡಿದರೆ ಅವಳು ತಪ್ಪಿಹೋಗುತ್ತಾಳೆ.

ಅವಳಿರುವುದು ಒಂದು ಮೊಬೈಲ್ ವಿಡಿಯೋದಲ್ಲಿ. ನಮ್ಮ ಮದುವೆಯ ಕ್ಯಾಸೆಟ್ಟಿಗೆ ಬೂಸ್ಟು ಹಿಡಿಯತೊಡಗಿದಾಗ, ಪೂರಾ ಹಾಳಾಗುವ ಮೊದಲು ಉಳಿಸಿಕೊಳ್ಳೋಣವೆಂದು ಹಳೆಯ ಡಬ್ಬಿ ಟಿವಿಯಲ್ಲಿ ಅದನ್ನು ಹಚ್ಚಿ ಎದುರಿಗೆ ಮೊಬೈಲ್ ಹಿಡಿದು ಕೂತೆ. ಭಾರೀ ಜಾಣತನ ಎಂದುಕೊಂಡಿದ್ದೆ. ಆದರೆ ಆ ಟಿವಿ ಎಂದೂ ಚಿತ್ರವನ್ನು ಒಮ್ಮೆಗೇ ತೋರಿಸಿದ್ದಲ್ಲ. ಮೇಲಿನಿಂದ ಕೆಳಗೆ ಗೆರೆಗೆರೆಯಾಗಿ ಬಳಿದು, ಸೆಕೆಂಡಿಗೆ ಐವತ್ತು ಸಲ ಅದೇ ಕೆಲಸ ಮಾಡುತ್ತಿತ್ತು. ಕಣ್ಣು ಪಾಪ ಎಲ್ಲ ಕೂಡಿಸಿ ಇಡೀ ಚಿತ್ರ ಕಂಡೆ ಎನ್ನುತ್ತಿತ್ತು, ಸಂಜೆಗೆ ತಲೆನೋವು ತರಿಸುತ್ತಿತ್ತು. ಮೊಬೈಲಿನ ಕ್ಯಾಮೆರಾಕ್ಕೆ ಅಷ್ಟು ದಾಕ್ಷಿಣ್ಯವಿಲ್ಲ. ಎರಡರ ತಾಳ ಕೂಡದೆ ಒಂದು ಕಪ್ಪು ಪಟ್ಟಿ ಹುಟ್ಟಿ, ಚಿತ್ರದ ಮೇಲೆ ನಿಧಾನ ಇಳಿಯುತ್ತದೆ. ಮತ್ತೆ ಹಿಡಿಯೋಣವೆಂದರೆ ಅಷ್ಟರಲ್ಲಿ ಕ್ಯಾಸೆಟ್ಟು ಪೂರಾ ಕೆಟ್ಟಿತ್ತು. ಅದು ಸರಿಯಾಗಿ ಅವಳ ತುಟಿಗೆ ಬರುವುದು ಅವಳು ಹೊಸ್ತಿಲಲ್ಲಿ ನಿಂತಾಗ.

ನಮ್ಮ ಕಡೆ ಹೊಸ ಸೊಸೆ ಒಡಪು ಹೇಳದ ಹೊರತು ಅವಳನ್ನು ಒಳಗೆ ಬಿಡುವುದಿಲ್ಲ. ಪ್ರಾಸದ ಎರಡು ಸಾಲು, ಕೊನೆಗೆ ಗಂಡನ ಹೆಸರು. ಆಮೇಲೆ ಉದ್ದಕ್ಕೂ ನಾನು ಅವಳಿಗೆ ‘ಇಲ್ಲಿ ಕೇಳ್ರಿ’ ಮಾತ್ರ. ಹೀಗಾಗಿ ನನ್ನ ಹೆಸರು ಅವಳ ಬಾಯಲ್ಲಿ ಬಂದದ್ದು ಅದೊಂದೇ ಸಲ. ಅದನ್ನು ಕಣ್ಣಾರೆ ನೋಡಬೇಕು, ಅಷ್ಟೇ. ಕೇಳುವಂತಿಲ್ಲ, ವಿಡಿಯೋದವನು ಇಡೀ ಕ್ಯಾಸೆಟ್ಟಿಗೆ ಶಹನಾಯಿ ತುಂಬಿಟ್ಟಿದ್ದಾನೆ.

ಪಕ್ಕದಲ್ಲೇ ನಿಂತಿದ್ದಿರಲ್ಲ ಎನ್ನುತ್ತೀರಿ. ನಿಂತಿದ್ದೆ. ಅವಳ ತವರು ಹೊಳೆಆಲೂರು, ಹಾಗಾಗಿ ಒಡಪಿನಲ್ಲಿ ಮಲಪ್ರಭೆ ಹರಿದಿತ್ತು ಎಂದು ಕಂಡವರಿಗೆಲ್ಲ ಹೇಳುತ್ತ ಬಂದಿದ್ದೇನೆ. ಈಚೆಗೆ ಆ ನೆನಪು ತೀರ ಒಪ್ಪವಾಗಿದೆ ಅನ್ನಿಸಿ ಅನುಮಾನ ಹತ್ತಿದೆ. ಹೇಳಿದ ಪ್ರತಿಸಲವೂ ಒಂದೊಂದು ಗೆರೆ ನಾನೇ ಬಳಿದಿರಬೇಕು.

ರೋಣದ ಮೊಬೈಲ್ ಅಂಗಡಿಯ ಇಮಾಮಸಾಬರು ಹೊಸ ಫೋನೊಂದನ್ನು ಹೊಗಳಿದರು. ಸೆಕೆಂಡಿಗೆ ನೂರಾ ಇಪ್ಪತ್ತು ಸಲ ಚಿತ್ರ ಹೊಸದಾಗುತ್ತದೆ, ಕಣ್ಣಿಗೆ ತ್ರಾಸೇ ಇಲ್ಲ ಎಂದರು. ಪಟ್ಟಿ ಹೋದೀತೆಂದು ಅದನ್ನೇ ಕೊಂಡೆ. ಈಗ ಪಟ್ಟಿ ಬೆಣ್ಣೆಯ ಹಾಗೆ ನುಣ್ಣಗೆ ಜಾರುತ್ತದೆ. ತಿರುಗಿ ಹೋಗಿ ತೋರಿಸಿದೆ. ಅವರು ಬಹಳ ಹೊತ್ತು ನೋಡಿದರು.

“ಸರ, ಇದು ಚಿತ್ರದೊಳಗs ಕುಂತೈತ್ರಿ. ಮೊದಲs ತೋರಿಸಿದ್ರ, ಹಳೇ ಫೋನs ಸಾಕು ಅಂತಿದ್ದೆ.” ಫೋನು ನನ್ನ ಕೈಗಿಟ್ಟು, “ಅಂತಿದ್ದಿಲ್ಲೇನೋ, ಯಾಂವ ಬಲ್ಲ” ಎಂದು ಚಹಾ ತರಿಸಿದರು.

ಅಂದು ಕಂಡವರಲ್ಲಿ ಉಳಿದವಳು ನರಗುಂದದ ಅಕ್ಕ. ಅಂದು ಬಾಗಿಲಿಗೆ ಅಡ್ಡ ನಿಂತವಳು ಅವಳೇ. ಮಲಪ್ರಭೆಯ ಒಡಪು ನೆನಪಿದೆಯೇ ಎಂದು ಕೇಳಿದೆ. ಶೇಂಗಾ ಸುಲಿಯುತ್ತಿದ್ದವಳು ತಲೆ ಎತ್ತಲಿಲ್ಲ.

“ಎಲ್ಲೀ ಮಲಪ್ರಭಾನೋ? ಆಕಿ ನಿನ್ನ ಹೆಸರs ಹೇಳಲಿಲ್ಲ. ಒಡಪು ಸುರು ಮಾಡಿದ್ಲು, ಹೆಸರಿನ ಹತ್ರ ಬಂದಾಗ ನಿನ್ನ ಮಾರಿ ನೋಡಿ ನಕ್ಕಬಿಟ್ಲು. ನೀ ವಿಡಿಯೋ ಲೈಟಿಗೆ ಕಣ್ಣ ಕಿವಚಿಕೊಂಡು ಮಂಗ್ಯಾನಂಗ ನಿಂತಿದ್ದಿ. ಆಕಿ ನಗೂದ ನೋಡಿ ನಾನs ಹಾದಿ ಬಿಟ್ಟೆ.”

ಅಕ್ಕನನ್ನೂ ಪೂರ್ತಿ ನಂಬಲಾರೆ. ನನ್ನನ್ನು ಮಂಗ ಮಾಡುವ ಕಥೆಗಳಲ್ಲಿ ಅವಳ ಕೈ ಉದಾರ. ಆದರೂ ಮರಳುವ ಬಸ್ಸಿನಲ್ಲೇ ವಿಡಿಯೋ ತೆರೆದೆ. ಈ ಸಲ ಎಲ್ಲೂ ನಿಲ್ಲಿಸಲಿಲ್ಲ, ಹಿಂದೆ ಸರಿಸಲಿಲ್ಲ. ಪಟ್ಟಿ ತುಟಿ ಮುಚ್ಚಿ, ಗದ್ದ ದಾಟಿ, ತಾಳಿಯ ಕೆಳಗೆ ಇಳಿಯಿತು. ಆಗ ಅವಳ ಕೆನ್ನೆ ಇನ್ನೂ ಉಬ್ಬಿಕೊಂಡೇ ಇತ್ತು. ಹೆಸರು ಹೇಳಿ ನಾಚಿದ್ದೋ, ಹೇಳದೆ ನಕ್ಕಿದ್ದೋ. ಅಷ್ಟರಲ್ಲಿ ಅಕ್ಕ ಸರಿದಳು, ಅವಳು ಹೊಸ್ತಿಲ ಮೇಲಿನ ಅಕ್ಕಿಯ ಸೇರು ಒದ್ದು ಒಳಗೆ ಹೋದಳು.

ಹೊಸ್ತಿಲ ಹೊರಗೆ ಇನ್ನೂ ನಿಂತವನು ನಾನೊಬ್ಬನೇ. ನನ್ನನ್ನು ಯಾರೂ ಅಡ್ಡಗಟ್ಟಿರಲಿಲ್ಲ.