ಬೆಂಕಿಕುಡಿಕೆ ಮತ್ತು ನನ್ನ ಎರಡು ಕಿವಿ

ಮೊದಲೇ ಹೇಳಿಬಿಡುತ್ತೇನೆ, ಅವತ್ತು ಡ್ರ್ಯಾಗನ್ ಬದುಕಿ ಉಳಿದದ್ದು ನನ್ನ ದಡ್ಡತನದಿಂದ.

ಗಂಗಾನಗರದ ನಮ್ಮ ಮನೆಯ ಮೇಲಿನ ಬಾಡಿಗೆ ಮನೆಯಲ್ಲಿ ನನ್ನ ಗೆಳೆಯನಿದ್ದ. ಹೈಸ್ಕೂಲಿನ ಆ ದಿನಗಳಲ್ಲಿ ಸಂಜೆಯಾದರೆ ಕೆಳಗಿಳಿದು ಬಂದು ನಮ್ಮ ಕಂಪ್ಯೂಟರಿನ ಮುಂದೆ ಕೂರುತ್ತಿದ್ದ. ಕಾಡು, ಗುಹೆ, ಮಂತ್ರವಾದಿಗಳ ಆಟ, ಕೊನೆಯಲ್ಲಿ ಒಂದು ಡ್ರ್ಯಾಗನ್. ಒಂದೇ ಕೀಬೋರ್ಡು, ಎಡಗಡೆ ಅವನ ವೀರ, ಬಲಗಡೆ ನನ್ನ ವೀರ. ಅವತ್ತಿನ ಮರುದಿನ ಬೆಳಿಗ್ಗೆ ಅವನ ಮನೆಯವರು ನಮ್ಮ ಊರಲ್ಲೇ ಇರುವ ವಿದ್ಯಾರಣ್ಯಪುರಕ್ಕೆ ಮನೆ ಬದಲಾಯಿಸುವವರಿದ್ದರು. ನಮಗೆ ಆಗ ಅದು ಫಾರಿನ್ನೇ. ಹೋಗುವ ಮುಂಚೆ ಡ್ರ್ಯಾಗನ್ ಸಾಯಲೇಬೇಕು ಎಂದು ಅವನು ಹಟ ಹಿಡಿದಿದ್ದ. ಅದಕ್ಕೆಂದೇ ಹುಡುಕಿ ಹುಡುಕಿ ಒಂದು ಬೆಂಕಿಕುಡಿಕೆ ಸಂಪಾದಿಸಿ, ಎಷ್ಟು ಸಲ ಸತ್ತರೂ ಬಳಸದೆ ಕಾಪಾಡಿಕೊಂಡಿದ್ದ. ಒಂದು ಕೀ ಒತ್ತಿದರೆ ಕುಡಿಕೆಯ ಬತ್ತಿ ಹತ್ತುತ್ತದೆ, ಇನ್ನೊಂದು ಒತ್ತಿದರೆ ಎಸೆತ.

"ನಾನು ಗುರಾಣಿ ಹಿಡ್ಕೊಂಡು ಮುಂದೆ ನಿಲ್ತೀನಿ. ಕಚ್ಚೋಕೆ ಬಾಯ್ ತೆಗೆಯತ್ತಲ್ಲ, ಆವಾಗ ನೀನು ಒಳಗೆ ಎಸಿ," ಎಂದು ಕುಡಿಕೆಯನ್ನು ನನ್ನ ವೀರನಿಗೆ ಕೊಟ್ಟ.

ಕೊಟ್ಟದ್ದು ಯಾರಿಗೆ? ಡ್ರ್ಯಾಗನ್‌ಗೆ ಸಿಟಿ ಬಸ್ ಕಂಡಕ್ಟರನ ದನಿ ಕೊಡುತ್ತಿದ್ದವನಿಗೆ. "ಹೆಬ್ಬಾಳ, ಹೆಬ್ಬಾಳ! ಒಳಗಡೆ ಹೋಗ್ರೀ, ಹೊಟ್ಟೆ ಖಾಲಿ ಇದೆ!" ಗಂಟಲು ಒಡೆಯುವ ವಯಸ್ಸು, ಅರ್ಧಕ್ಕೇ ಕಂಡಕ್ಟರ್ ಮೇಕೆಯಾದ.

"ಮಿಮಿಕ್ರಿ ಸಾಕು ಮಗಾ, ಹಚ್ಚೋ!"

ಹಚ್ಚಿದೆ. ಬತ್ತಿ ಚರ್ರೆಂದಿತು. ನಮ್ಮ ಬೀದಿಯ ದೀಪಾವಳಿಯಲ್ಲಿ ಪಟಾಕಿಗೆ ಊದುಬತ್ತಿ ತಗುಲಿಸುವ ಕೆಲಸ ನನ್ನದು. ಚರ್ರ್ ಎಂದ ಕೂಡಲೇ ಏನು ಮಾಡಬೇಕೆಂದು ನನ್ನ ಮೈಗೆ ಗೊತ್ತು. ಕೀಬೋರ್ಡ್ ಬಿಟ್ಟು, ಕುರ್ಚಿ ಹಿಂದಕ್ಕೆ ತಳ್ಳಿ, ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡೆ.

ಕುಡಿಕೆ ನನ್ನ ವೀರನ ಕೈಯಲ್ಲೇ ಸಿಡಿಯಿತು. ಅವನೂ ಹೋದ, ಪಕ್ಕದಲ್ಲಿ ಗುರಾಣಿ ಹಿಡಿದು ನಿಂತಿದ್ದವನೂ ಹೋದ. ಡ್ರ್ಯಾಗನ್ ಬಾಯಿ ತೆರೆದುಕೊಂಡೇ ಇತ್ತು, ಈಗ ಆಕಳಿಸಿದ ಹಾಗೆ ಕಾಣುತ್ತಿತ್ತು. ಆಟ ಇಬ್ಬರನ್ನೂ ಮತ್ತೆ ಶುರುವಿನ ಹಳ್ಳಿಯ ಬಾಗಿಲಿಗೆ ತಂದು ನಿಲ್ಲಿಸಿತು. ಇನ್ನೊಂದು ಕುಡಿಕೆ ಹುಡುಕಲು ಇಡೀ ದಿನ ಬೇಕು.

ನಾನು ಕಂಡಕ್ಟರ್ ದನಿ ಮಾಡಿದೆ, ಗೆಳೆಯ ನಗಲಿಲ್ಲ. ನಮ್ಮ ಪಿ.ಟಿ. ಮೇಷ್ಟ್ರನ್ನು ಮಾಡಿದೆ. ಕಣ್ಣು ಒರೆಸಿಕೊಂಡ. ಆಮೇಲೆ ಯಾರ ದನಿಯೂ ನನ್ನ ಬಾಯಿಗೆ ಬರಲಿಲ್ಲ.

ಮೆಟ್ಟಿಲ ಮೇಲಿಂದ ಅವನ ಅಮ್ಮ ಕೂಗಿದರು: "ಬಾರೋ, ಪಾತ್ರೆ ಕಟ್ಬೇಕು!"

ಅವನು ಎದ್ದ. ಸಮಾಧಾನ ಹೇಳಬೇಕಲ್ಲ, ನನ್ನದೇ ಒಡಕು ದನಿಯಲ್ಲಿ ಹೇಳಿದೆ: "ನೀನ್ ಹೋಗು, ಬೇಜಾರ್ ಮಾಡ್ಕೋಬೇಡ. ಡ್ರ್ಯಾಗನ್‌ನ ನಾನೇ ಸಾಯಿಸ್ತೀನಿ."

ಬಾಗಿಲಲ್ಲಿ ನಿಂತು ತಿರುಗಿ ನೋಡಿದ.

"ಮುಟ್ಟಿದ್ರೆ ನೋಡು! ಭಾನುವಾರ ಬಸ್ ಹತ್ಕೊಂಡು ಬರ್ತೀನಿ. ಅಲ್ಲೀವರ್ಗೂ ಹಂಗೇ ಕಿವಿ ಮುಚ್ಕೊಂಡ್ ಕೂತಿರು."