ಅರ್ಧಾನೂ ತಾತ

ಗಡಿಯೂರು ಮತ್ತಿಗಿರಿಯ ನಮ್ಮ ಬೀದಿಯಲ್ಲಿ ಬೆಕ್ಕಿಗೆ ಜ್ವರ ಬಂದರೆ ಜನ ಮೊದಲು ಓಡುವುದು ಪಕ್ಕದ ಮನೆಯ ವೆಂಕಟರಮಣಪ್ಪನವರ ಹತ್ತಿರ. ದನದ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ಕಾಂಪೌಂಡರ್ ಆಗಿದ್ದವರು. ಬೆಕ್ಕನ್ನು ತಂದ ಬುಟ್ಟಿಯ ಮುಚ್ಚಳ ತೆಗೆಯುವ ಮುಂಚೆಯೇ ಕೇಳುತ್ತಾರೆ, “ಮನೇಲಿ ಏನಾದ್ರೂ ಮಾತ್ರೆ ಕೊಟ್ಟಿದ್ದೀಯಾ?” ತಮಿಳರೊಡನೆ ತಮಿಳು, ತೆಲುಗರೊಡನೆ ತೆಲುಗು, ಬೆಕ್ಕಿನೊಡನೆ ಮಾತ್ರ ಕನ್ನಡ. ಕಿವಿ ಮುಟ್ಟಿ, ಒಸಡು ನೋಡಿ ಪಾಠ ಶುರು ಮಾಡುತ್ತಾರೆ: “ಗಾಯ ಕೀವಾಗಿದ್ರೆ ಒಂದ್ ಔಷ್ದಿ, ಮೈಯಾಗೆ ನೀರು ಬತ್ತಿದ್ರೆ ಡ್ರಿಪ್ಸು. ಯಾವ್ದು ಅಂತ ಡಾಕ್ಟ್ರೇ ನೋಡಿ ಹೇಳ್ಬೇಕು. ನಮ್ಮ ಜ್ವರದ ಮಾತ್ರೆ ಅದಕ್ಕೆ ವಿಷ ಕಣಪ್ಪಾ, ಅರ್ಧಾನೂ ಕೊಡ್ಬ್ಯಾಡ!” ಡಾಕ್ಟರರ ವಿಳಾಸ ಬರೆದುಕೊಟ್ಟು ಆಟೋ ಹತ್ತಿಸುತ್ತಾರೆ. ಆಟೋ ತಿರುವು ದಾಟಿದರೂ “ಅರ್ಧಾನೂ!” ಎಂದು ಕೂಗುತ್ತಲೇ ಇರುತ್ತಾರೆ. ಮಕ್ಕಳು ಅವರಿಗೆ ಅದನ್ನೇ ಹೆಸರಿಟ್ಟು ನಗುತ್ತಾರೆ. ನಾನೂ ನಗುತ್ತಿದ್ದೆ. ಹೋದ ವರ್ಷ ಒಂದು ದಿನ ನನಗೊಬ್ಬಳಿಗೇ ಹೇಳಿದರು. ಹೆಂಡತಿ ಪಿಳ್ಳಮ್ಮ ಸಾಕಿದ ಬೆಕ್ಕಿನ ಮೈ ಕೆಂಡವಾಗಿದ್ದಾಗ, ಇಷ್ಟು ವರ್ಷ ದನ ನೋಡಿದ ಕೈ ಎಂಬ ಧೈರ್ಯದಲ್ಲಿ, ಆಕೆಯದೇ ಜ್ವರದ ಮಾತ್ರೆಯನ್ನು ಮುರಿದು ಅರ್ಧ ನುಂಗಿಸಿದ್ದರಂತೆ. ಹಾಸಿಗೆ ಹಿಡಿದ ಆಕೆಗೆ, ಬೆಕ್ಕು ಎಲ್ಲೋ ತಿರುಗಾಡಲು ಹೋಗಿದೆ ಎಂದರಂತೆ. ಪಿಳ್ಳಮ್ಮ ಇಂದಿಗೂ ಪ್ರತಿ ಸಂಜೆ ಬಟ್ಟಲಿಗೆ ಹಾಲು ಹಾಕಿಸುತ್ತಾರೆ. ಬೆಳಿಗ್ಗೆ ವೆಂಕಟರಮಣಪ್ಪ ಅದನ್ನು ಹಿತ್ತಲ ನುಗ್ಗೆಮರದ ಬುಡಕ್ಕೆ, ಬೆಕ್ಕನ್ನು ತಾವೇ ಹೂತ ಜಾಗಕ್ಕೆ, ನಿಧಾನವಾಗಿ ಸುರಿಯುತ್ತಾರೆ. ಆಮೇಲೆ ಒಳಗೆ ಹೋಗಿ ಖಾಲಿ ಬಟ್ಟಲು ತೋರಿಸುತ್ತಾರೆ: “ಬಂದಿತ್ತು ಕಣೇ, ಪೂರ್ತಿ ಕುಡ್ಕೊಂಡ್ ಹೋಯ್ತು.”