ಕುರಿ ಸಂತೆಯಲ್ಲಿ ನನ್ನ ದನಿ

ರಾಯಚೂರು ನಿಲ್ದಾಣದಲ್ಲಿ ರೈಲಿನಿಂದ ಇಳಿದಾಗ ಬೆಳಗಿನ ಏಳು ಗಂಟೆಯೂ ಆಗಿರಲಿಲ್ಲ. ಬಿಸಿಲು ಆಗಲೇ ಕುತ್ತಿಗೆಗೆ ತಾಗುತ್ತಿತ್ತು. ಬೇಸಿಗೆಯಲ್ಲಿ ಆ ಕಡೆ ಯಾಕೆ ಹೋಗುತ್ತೀರಿ ಎಂದು ಮನೆಯಲ್ಲಿ ಕೇಳಿದ್ದರು. ಕೆಲಸ ಇದೆ ಎಂದಷ್ಟೇ ಹೇಳಿದ್ದೆ. ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಮಂಡಕ್ಕಿ ವಗ್ಗರಣೆ, ಎರಡು ಮಿರ್ಚಿ ತಿಂದು, ಚಹಾ ಕುಡಿದು ದೇವದುರ್ಗದ ಬಸ್ಸು ಹತ್ತಿದೆ.

ಕೆಲಸ ಏನೆಂದು ಇಲ್ಲಿ ಹೇಳಿಬಿಡುತ್ತೇನೆ. ನಾನು ಟಿವಿಯಲ್ಲಿ ಪೋಕರ್ ಪಂದ್ಯಾವಳಿಗೆ ಕನ್ನಡದಲ್ಲಿ ವಿವರಣೆ ಹೇಳುವವನು. ಅದು ಇಸ್ಪೀಟೆಲೆಗಳ ಆಟ. ಪಣಕ್ಕಿಡುವುದು ಬರೀ ಅಂಕಗಳ ಬಿಲ್ಲೆ. ನಮ್ಮ ಸರಣಿಯಲ್ಲಿ ಒಂದೊಂದು ತಂಡವೂ ಒಂದೊಂದು ಕಸುಬಿನವರದು: ನರ್ಸುಗಳ ತಂಡ, ಲಾರಿ ಚಾಲಕರ ತಂಡ, ವಕೀಲರ ತಂಡ, ಪೈಲ್ವಾನರ ತಂಡ. ಹಿಂದಿನ ವರ್ಷ ಸಂತೆ ದಲ್ಲಾಳಿಗಳ ತಂಡವನ್ನೂ ಸೇರಿಸಿದರು. ಅದರಲ್ಲಿ ದೇವದುರ್ಗದ ಕುರಿ ದಲ್ಲಾಳಿ ಅಯ್ಯಾಳಪ್ಪ ಇದ್ದರು. ಐವತ್ತೈದರ ಆಸುಪಾಸು, ಕೆಂಪು ರುಮಾಲು, ಬಿಳಿ ಮೀಸೆ, ಕಡಿಮೆ ಮಾತು.

ಈ ಆಟದಲ್ಲಿ ಆಟಗಾರರ ಎಲೆಗಳು ಎದುರಾಳಿಗೆ ಕಾಣುವುದಿಲ್ಲ. ಮೇಜಿನೊಳಗಿನ ಪುಟ್ಟ ಕ್ಯಾಮೆರಾದಿಂದ ವೀಕ್ಷಕರಿಗೂ ನನಗೂ ಕಾಣುತ್ತವೆ. ಒಂದು ಸುತ್ತಿನಲ್ಲಿ ಅಯ್ಯಾಳಪ್ಪನವರ ಕೈಯಲ್ಲಿ ಗೆಲ್ಲುವ ಎಲೆ ಒಂದೂ ಇರಲಿಲ್ಲ. ಆದರೂ ಅವರು ತಮ್ಮ ಎಲೆ ಗಟ್ಟಿ ಇದೆ ಎಂಬಂತೆ ಬಿಲ್ಲೆಗಳನ್ನೆಲ್ಲ ಮುಂದೆ ತಳ್ಳಿ, ಎದುರಿಗಿದ್ದ ವಕೀಲರ ಕಣ್ಣನ್ನೇ ನೋಡುತ್ತ ಕೂತರು. ಒಳ್ಳೆಯ ಎಲೆಗಳಿದ್ದ ವಕೀಲರು ಬೆವರಿ ಆಟ ಬಿಟ್ಟುಕೊಟ್ಟರು. ನಾನು ಮೈಕಿನಲ್ಲಿ ಕೂಗಿದೆ: “ಸುಳ್ಳು ಹೇಳೋದಾದ್ರೆ ಹೀಗೆ ಹೇಳಬೇಕು! ಸ್ವಾಮಿ, ಈ ಮುಖ ನಂಬಿ ಒಂದು ಕುರೀನೂ ಕೊಳ್ಳಬೇಡಿ!”

ಆ ಹದಿನೈದು ಸೆಕೆಂಡಿನ ತುಣುಕು ಎಲ್ಲರ ಫೋನಿಗೂ ಹೋಯಿತು. ನನಗೆ ಹೊಗಳಿಕೆ ಬಂತು. ಕೆಲವು ತಿಂಗಳ ಮೇಲೆ ಅಯ್ಯಾಳಪ್ಪನವರ ಹೆಂಡತಿ ಹುಲಿಗೆಮ್ಮ ಹೇಗೋ ಸ್ಟುಡಿಯೊದ ನಂಬರು ಹುಡುಕಿ ಫೋನು ಮಾಡಿದರು. “ನಿಮ್ಮ ಮಾತಿನಿಂದ ನಮ್ಮ ಮನಿಯವರು ಸಂತಿ ಬಿಟ್ಟಾರ್ರಿ,” ಎಂದು ಹೇಳಿ ಇಟ್ಟುಬಿಟ್ಟರು. ಅದಾದ ಮೇಲೆ ಮೂರು ವಾರ ತಡೆದು ನಾನು ಹೊರಟಿದ್ದೆ.

ಕಲ್ಮಲದಲ್ಲಿ ಬಸ್ಸು ಹತ್ತಿದ ಒಬ್ಬ ದಪ್ಪ ಮನುಷ್ಯ ನನ್ನ ಪಕ್ಕ ಕೂತ. ಸಂತೆಯಲ್ಲಿ ಕುರಿ ಕೊಳ್ಳಲು ಹೊರಟವನು. ದೇವದುರ್ಗಕ್ಕೆ ಇನ್ನೆಷ್ಟು ಹೊತ್ತು ಎಂದು ನಾನು ಕೇಳಿದ್ದೇ ತಪ್ಪಾಯಿತು. ಅವನು ತಿರುಗಿ ನೋಡಿ, “ಈ ದನಿ ಎಲ್ಲೋ ಕೇಳೀನಲ್ರಿ,” ಎಂದ. ಬಸ್ಸು ಊರು ಮುಟ್ಟುವಷ್ಟರಲ್ಲಿ ಅವನಿಗೆ ನೆನಪಾಗಿತ್ತು. ಇಳಿದ ಮೇಲೆ ನನ್ನ ಚೀಲವನ್ನೂ ತಾನೇ ಹಿಡಿದು ಸಂತೆಗೆ ಕರೆದುಕೊಂಡು ಹೋದ. ಅಯ್ಯಾಳಪ್ಪನವರ ಮನೆ ಎಲ್ಲಿ ಎಂದು ಅಲ್ಲೇ ವಿಚಾರಿಸಬಹುದು ಎಂದು ನಾನೂ ಹೋದೆ.

ಬಯಲಿನ ತುಂಬ ಕರಿಯ ಕುರಿಗಳು, ಧೂಳು, ಕೂಗು. ದಲ್ಲಾಳಿ ತನ್ನ ಒಂದೊಂದು ಕೈಯಿಂದ ಮಾರುವವನ ಮತ್ತು ಕೊಳ್ಳುವವನ ಕೈ ಹಿಡಿಯುತ್ತಾನೆ. ಮೇಲೆ ಟವಲು ಮುಚ್ಚಿರುತ್ತದೆ. ದರವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಟವಲಿನ ಕೆಳಗೆ ಬೆರಳು ಒತ್ತಿ ತಿಳಿಸುತ್ತಾರೆ. ಅದನ್ನು ನೋಡುತ್ತ ನಿಂತಿದ್ದಾಗ ಕಲ್ಮಲದವನು ಕೂಗಿದ: “ಏ, ಬರ್ರಿ ಇಲ್ಲೆ! ಟಿವಿಯಾಗ ನಮ್ಮ ಅಯ್ಯಾಳಪ್ಪನ ಬಗ್ಗೆ ಹೇಳಿದ್ರಲ್ಲ, ಅವ್ರs ಬಂದಾರ!”

ಮೂವತ್ತು ನಲವತ್ತು ಜನ ಸುತ್ತುವರಿದರು. “ಹೇಳ್ರಿ ಸರ, ಒಮ್ಮಿ ಹೇಳ್ರಿ,” ಎಂದರು. ಹಲವರು ಫೋನು ಎತ್ತಿ ಹಿಡಿದರು. ನಾನು ತಲೆ ಅಲ್ಲಾಡಿಸಿದೆ. ಅವರು ಬಿಡಲಿಲ್ಲ. ಎಷ್ಟೋ ವರ್ಷ ಜನ ಕೇಳಿದಾಗಲೆಲ್ಲ ಟಿವಿಯ ಮಾತುಗಳನ್ನು ಹೇಳಿ ರೂಢಿಯಾದ ಬಾಯಿ. ನಾನು ಅದೇ ಏರುದನಿಯಲ್ಲಿ ಆ ಮಾತನ್ನು ಪೂರ್ತಿ ಹೇಳಿದೆ. ಜನ ಬಿದ್ದು ಬಿದ್ದು ನಕ್ಕರು. ಆ ಗಳಿಗೆಯಲ್ಲಿ ನನಗೆ ಖುಷಿಯಾಯಿತು. ನಾಚಿಕೆಯಾದರೂ ಅದನ್ನು ಬರೆಯಲೇಬೇಕು.

ನಗದೆ ನಿಂತಿದ್ದವನು ಒಬ್ಬ ಮುದುಕ ದಲ್ಲಾಳಿ ಮಾತ್ರ. ಗುಂಪು ಚದುರಿದ ಮೇಲೆ ಅವನ ಹತ್ತಿರ ಹೋಗಿ ಅಯ್ಯಾಳಪ್ಪನವರ ಮನೆ ಕೇಳಿದೆ.

“ಅರಕೇರಾದಾಗ ಅದರಿ,” ಎಂದ. ಹೆಗಲ ಮೇಲಿನ ಟವಲು ಕೊಡವುತ್ತ ಹೇಳಿದ: “ಅವ ಟವಲ್ ಕೆಳಗ ಕೈ ಹಿಡದಾಂದ್ರ ಮುಗೀತು, ಯಾರೂ ಎರಡನೇ ಮಾತು ಆಡ್ತಿದ್ದಿಲ್ಲ. ನಿಮ್ಮ ಟಿವಿ ಬಂದ ಮ್ಯಾಲ ಮೊದಮೊದಲ ನಗಸಾರಕ್ಕ ಅಂತಿದ್ರು, ಏ, ಇವನ ಮುಖ ನಂಬಬ್ಯಾಡ್ರೋ ಅಂತ. ಅವನೂ ನಗ್ತಿದ್ದ. ಆಮ್ಯಾಲ ಒಂದಿನ ಒಬ್ಬ ಖರೇನs ಕೈ ಬಿಡಿಸ್ಕೊಂಡ. ಮುಂದಿನ ಸಂತಿಗೆ ಇನ್ನೊಬ್ಬ. ಅಷ್ಟs ನೋಡ್ರಿ.”

ಶೇರ್ ಆಟೊದಲ್ಲಿ ಹನ್ನೊಂದು ಜನರ ನಡುವೆ ಸಿಕ್ಕಿಕೊಂಡು ಅರಕೇರಾ ತಲುಪಿದಾಗ ಮಧ್ಯಾಹ್ನ ಎರಡು ಗಂಟೆ. ಹುಲಿಗೆಮ್ಮ ಕಟ್ಟೆಯ ಮೇಲೆ ಕೌದಿ ಹೊಲಿಯುತ್ತಿದ್ದರು. “ಅಯ್ಯಾಳಪ್ಪನವರ ಮನೆ ಇದೇನಾ?” ಎಂದೆ. ನನ್ನ ಮುಖ ಅವರು ಎಂದೂ ನೋಡಿರಲಿಲ್ಲ, ಆದರೂ ಸೂಜಿ ಅಲ್ಲೇ ನಿಂತಿತು.

“ನೀವs ಏನು ಅವ್ರು?”

ಹೌದು ಎಂದೆ. ಎದ್ದು ಒಳಗೆ ಹೋಗಿ ತಂಬಿಗೆಯಲ್ಲಿ ನೀರು ತಂದುಕೊಟ್ಟರು. ಕೂತುಕೊಳ್ಳಿ ಎನ್ನಲಿಲ್ಲ.

“ನಾ ಫೋನ್ ಮಾಡಿದ್ದು ನೀವು ಬರ್ಲಿ ಅಂತ ಅಲ್ರಿ. ಆ ಮಾತು ತಗೀರಿ ಅಂತ ಹೇಳಬೇಕಂದಿದ್ದೆ. ಅಳು ಬಂತು, ಇಟ್ಟುಬಿಟ್ಟೆ.”

ಚಾನೆಲ್ಲಿನವರು ತಮ್ಮಲ್ಲಿದ್ದುದನ್ನು ತೆಗೆದಿದ್ದಾರೆ, ಜನರ ಫೋನಿನಲ್ಲಿರುವುದನ್ನು ತೆಗೆಯಲು ಯಾರಿಂದಲೂ ಆಗುವುದಿಲ್ಲ ಎಂದು ನಾನು ಹೇಳಿದೆ. ಅವರು ನನ್ನನ್ನು ಒಂದು ಸಲ ನೋಡಿ ಮತ್ತೆ ಹೊಲಿಯತೊಡಗಿದರು. ಗಂಡ ಈಗ ತವರಿನ ತಮ್ಮನ ಕುರಿಗಳ ಜೊತೆ ಇದ್ದಾರೆ ಎಂದರು. ಮಾನ್ವಿ ಸೀಮೆಯಲ್ಲಿ ಭತ್ತ ಕೊಯ್ದ ಗದ್ದೆಗಳಲ್ಲಿ ಕುರಿ ತರುಬಿ ರಾತ್ರಿ ಮಲಗಿಸುತ್ತಾರಂತೆ. ಗೊಬ್ಬರವಾಗುತ್ತದೆಂದು ಗದ್ದೆಯವರೇ ಕರೆಸಿಕೊಳ್ಳುತ್ತಾರೆ. ಹೋದ ವಾರ ಚೀಕಲಪರ್ವಿಯ ಹತ್ತಿರ ಇದ್ದರು.

“ಇಪ್ಪತ್ತೆಂಟು ವರ್ಷ ಸಂತಿ ಮಾಡಿದ ಮನುಷ್ಯಾರಿ. ಈಗ ಕುರಿ ಹಿಂದ ತಿರಗಾಕತ್ತಾರ,” ಎಂದಷ್ಟೇ ಹೇಳಿದರು.

ದೇವದುರ್ಗದ ಲಾಡ್ಜಿನಲ್ಲಿ ಉಳಿದು ಮರುದಿನ ಬೆಳಿಗ್ಗೆ ಸಿರವಾರದ ಮೇಲೆ ಹೋಗುವ ಮಾನ್ವಿ ಬಸ್ಸು ಹಿಡಿದೆ. ಬರಬರುತ್ತ ಎರೆಹೊಲ ಹೋಗಿ ಕಾಲುವೆ ನೀರಿನ ಗದ್ದೆಗಳು ಬಂದವು. ಕೊಯ್ಲು ಮುಗಿದು ಎಲ್ಲ ಕಡೆ ಕೂಳೆ, ಅಲ್ಲಲ್ಲಿ ಹುಲ್ಲು ಸುಟ್ಟ ಕರಿ ಮಚ್ಚೆ. ಮಾನ್ವಿಯಿಂದ ಚೀಕಲಪರ್ವಿಗೆ ಜೀಪು ಸಿಕ್ಕಿತು. ಕಿಟಕಿಯಿಂದ ಬರುವ ಗಾಳಿಯೂ ಒಲೆಯ ಮುಂದಿನ ಗಾಳಿಯ ಹಾಗಿತ್ತು. ತುಂಗಭದ್ರೆ ಬಂಡೆಗಳ ನಡುವೆ ಎರಡು ಮೂರು ಕವಲಾಗಿ ತೆಳ್ಳಗೆ ಹರಿಯುತ್ತಿದ್ದಳು. ಊರು ದಾಟಿ ಅರ್ಧ ಗಂಟೆ ನಡೆದ ಮೇಲೆ ಕುರಿಗಳು ಕಂಡವು.

ಅಯ್ಯಾಳಪ್ಪನವರು ಜಾಲಿ ಗಿಡದ ಕೆಳಗೆ ಕೂತು ಒಂದು ಕುರಿಯ ಗೊರಸಿನಿಂದ ಮುಳ್ಳು ತೆಗೆಯುತ್ತಿದ್ದರು. ಹೆಂಡತಿಯ ತಮ್ಮ ಬೀರಪ್ಪ ಕುರಿಯನ್ನು ಹಿಡಿದುಕೊಂಡಿದ್ದ. ಅವನು ಮದುವೆಯಾಗಿ ಮಕ್ಕಳಿರುವ ಗಟ್ಟಿ ಆಳು. ನನ್ನನ್ನು ಕಂಡು ಅಯ್ಯಾಳಪ್ಪನವರು ತಲೆ ಎತ್ತಿದರು.

“ಬರ್ರಿ. ನಿನ್ನಿ ದೇವದುರ್ಗದಾಗ ಚಲೋ ಮಾತಾಡೀರಿ.”

ಬೀರಪ್ಪ ಫೋನು ತೆಗೆದು ನನ್ನ ಮುಂದೆ ಹಿಡಿದ. ಸಂತೆಯ ಬಯಲು, ಧೂಳು, ನಡುವೆ ನಾನು ಕೈ ಎತ್ತಿ ಕೂಗುತ್ತಿದ್ದೇನೆ. ಹಿಂದೆಯೇ ನಗು. ಅದು ನಾನು ಬಂದು ಮುಟ್ಟುವ ಮುಂಚೆಯೇ ಇಲ್ಲಿಗೆ ಬಂದು ಮುಟ್ಟಿತ್ತು.

“ತಪ್ಪಾಯಿತು,” ಎಂದೆ. “ಅದನ್ನು ಹೇಳೋಕೇ ಬಂದೆ.”

“ನಿನ್ನಿ ಅದು, ಇವತ್ತ ಇದು,” ಎಂದರು. ಸಿಟ್ಟಿರಲಿಲ್ಲ. ಮುಳ್ಳು ತೆಗೆದು, ಗೊರಸಿಗೆ ಅರಿಶಿನ ಎಣ್ಣೆ ಹಚ್ಚಿ ಕುರಿಯನ್ನು ಬಿಟ್ಟರು. “ಆಟದಾಗ ಸುಳ್ಳು ಹೇಳೋದs ರೂಲ್ಸ್ ಅಂತ ನಿಮ್ಮವ್ರು ಎಂಟು ದಿನ ಕಲಿಸಿದ್ರು. ಕಲ್ತೆ. ಸಂತ್ಯಾಗ ಆ ರೂಲ್ಸ್ ಇಲ್ಲ ಅಂತ ನೀವು ಒಂದು ಮಾತು ಹೇಳಬೇಕಿತ್ತು. ಅಷ್ಟು ಮಾತು ಬರ್ತಾವ ನಿಮಗ, ಅದೊಂದು ಬರಲಿಲ್ಲ.”

ಬೀರಪ್ಪ ಬುತ್ತಿ ಬಿಚ್ಚಿದ. ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ, ಉಳ್ಳಾಗಡ್ಡಿ. ಬೇಡ ಎಂದರೂ ಅಯ್ಯಾಳಪ್ಪನವರು ಎರಡು ರೊಟ್ಟಿ ನನ್ನ ಕೈಗಿಟ್ಟರು. ತಿನ್ನುತ್ತ ನಾನು ಹೇಳಿದೆ: ನಿಮ್ಮ ಪಕ್ಕದಲ್ಲಿ ನಿಂತು ಮಾತಾಡುತ್ತೇನೆ, ಆಟ ಬೇರೆ, ಮನುಷ್ಯ ಬೇರೆ ಎನ್ನುತ್ತೇನೆ, ಬೀರಪ್ಪ ಫೋನಿನಲ್ಲಿ ತೆಗೆಯಲಿ, ಅದನ್ನೂ ಎಲ್ಲರಿಗೂ ಕಳಿಸೋಣ.

“ಬ್ಯಾಡ್ರಿ.”

“ಯಾಕೆ?”

“ನಿಮ್ಮ ದನಿ ಕೇಳಿದ ಕೂಡ್ಲೆ ಜನ ನಗಾಕ ಶುರು ಮಾಡ್ತಾರ. ನೀವು ಅತ್ತರೂ ನಗ್ತಾರ.” ರೊಟ್ಟಿ ಮುರಿಯುತ್ತ ಅವರೇ ಹೇಳಿದರು: “ಬೇಕಾದ್ರ ಬರೀರಿ. ಓದಾವ್ರು ಒಬ್ಬೊಬ್ಬರs ಕುಂತು ಓದ್ತಾರ. ಒಬ್ಬನs ಇದ್ದಾಗ ಮನುಷ್ಯಾ ಅಷ್ಟು ನಗೂದಿಲ್ಲ.”

ಮುಂದಿನ ಸರಣಿಗೆ ನನ್ನ ದನಿ ಇರುವುದಿಲ್ಲ ಎಂದು ನಾನು ಅಲ್ಲೇ ಹೇಳಿದೆ. “ಅದು ನಿಮ್ಮ ಹೊಟ್ಟೀಪಾಡು, ನಂಗ್ಯಾಕ ಹೇಳ್ತೀರಿ,” ಎಂದರು.

ಮೂರು ಗಂಟೆಗೆ ಜೀಪು ಇತ್ತು. ಹೋಗಿ ಬರುತ್ತೇನೆ ಎಂದು ಕೈ ಮುಗಿದೆ. ಅವರೂ ಮುಗಿದರು. ಬದುವಿನ ಮೇಲೆ ಸ್ವಲ್ಪ ದೂರವೂ ಹೋಗಿರಲಿಲ್ಲ, ಹಿಂದೆ ಗದ್ದಲ ಕೇಳಿ ತಿರುಗಿದೆ. ಪಕ್ಕದ ಹೊಲದ ರೈತ ಬಂದು ನಿಂತಿದ್ದ. ಅವನ ತರಕಾರಿ ಮಡಿಯಲ್ಲಿ ಕುರಿ ಮೇಯ್ದಿವೆ ಎಂದು ಕೂಗುತ್ತಿದ್ದ.

“ನಮ್ಮ ಕುರಿ ನಿಮ್ಮ ಮಡಿಗೆ ಬಂದಿಲ್ರೀಪಾ. ಮುಂಜಾನಿಂದ ನಾನs ಇಲ್ಲೇ ಕುಂತೀನಿ,” ಎಂದರು ಅಯ್ಯಾಳಪ್ಪ.

ರೈತ ಅವರ ಮುಖವನ್ನು ನೋಡಿದ. ರುಮಾಲಿನಿಂದ ಮೀಸೆಯವರೆಗೆ, ಗುರುತು ಹಿಡಿದವರು ನೋಡುವ ಹಾಗೆ. ಆಮೇಲೆ ಬೀರಪ್ಪನ ಕಡೆ ತಿರುಗಿದ.

“ಖರೇ ಏನೋ ತಮ್ಮಾ?”

ಬೀರಪ್ಪ ಉತ್ತರ ಕೊಡುವವರೆಗೂ ಅಯ್ಯಾಳಪ್ಪನವರು ತಲೆ ತಗ್ಗಿಸಿ ನಿಂತಿದ್ದರು.